ಮಾತ್ರೆಗೆ ಹೋಗದಿದ್ದರೆ ಫೋನ್ ಯಾಕೆ ಬರುತ್ತೆ?

ಓದುಗರ ಪ್ರಶ್ನೆ: ಮೇಡಂ, ನಾನು ತೀರ್ಥಹಳ್ಳಿ ಕಡೆಯವನು. ಮೂರು ವರ್ಷದಿಂದ ಎಚ್‌ಐವಿ ಮಾತ್ರೆ ತಗೊಳ್ತಾ ಇದ್ದೇನೆ. ಈ ಸಲ ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ, ಹೇಳಿದ ದಿನಕ್ಕೆ ಈ ಮಾತ್ರೆ ಕೊಡುವ ಎಆರ್‌ಟಿ ಸೆಂಟರಿಗೆ ಹೋಗೋಕೆ ಆಗಲಿಲ್ಲ. ನಾಲ್ಕನೇ ದಿನಕ್ಕೆ ಫೋನ್ ಬಂತು. ಹೋದಾಗಲೆಲ್ಲ ತೂಕ, ಉಳಿದ ಮಾತ್ರೆ, ಕೆಮ್ಮು ಇದೆಯಾ ಇಲ್ಲವಾ, ಎಲ್ಲ ಕಂಪ್ಯೂಟರಿಗೆ ಹಾಕಿಕೊಳ್ಳುತ್ತಾರೆ. ನನ್ನ ಮಾತ್ರೆ ನಾನು ನುಂಗಿದರೆ ಬಿಟ್ಟರೆ ಇವರಿಗೇನು? ಇಷ್ಟೆಲ್ಲ ಲೆಕ್ಕ ಯಾರಿಗೆ ಹೋಗುತ್ತೆ? ಊರಿನ ಆಶಾ ಕಾರ್ಯಕರ್ತೆಗೆ, ಪಂಚಾಯಿತಿಗೆ ಗೊತ್ತಾಗುತ್ತಾ?

ಉತ್ತರ: ಕೆಲವು ವರ್ಷ ನಾನು ಆಪ್ತಸಮಾಲೋಚಕಿಯಾಗಿ ಅಂಥ ಸೆಂಟರಿನ ಮೇಜಿನ ಹಿಂದೆ ಕೂತಿದ್ದವಳು. ಹಾಗೆ ಫೋನ್ ಮಾಡುತ್ತಿದ್ದವರಲ್ಲಿ ನಾನೂ ಒಬ್ಬಳು. ಆದ್ದರಿಂದ ನಿಮ್ಮ ಸಿಟ್ಟು ನನಗೆ ಹೊಸದಲ್ಲ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಪಂಚಾಯಿತಿಗೆ ಹೋಗುವುದಿಲ್ಲ. ಆಶಾ ಕಾರ್ಯಕರ್ತೆಯೇ ಇರಲಿ, ಬೇರೆ ಯಾರೇ ಇರಲಿ, ನಿಮ್ಮ ಚಿಕಿತ್ಸೆಯಲ್ಲಿ ಪಾತ್ರ ಇಲ್ಲದವರಿಗೆ ಹೇಳುವಂತಿಲ್ಲ. ಇನ್ನು ಯಾರಿಗೆ, ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಮಲೆನಾಡಿನವರಿಗೆ ಕಾಯಿಲೆಯ ಮೇಲೆ ನಿಗಾ ಇಡುವುದು ಅಂದರೆ ಏನು ಅಂತ ಪಾಠ ಮಾಡಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗೊತ್ತಾದಾಗಿನಿಂದ ನೋಡಿಕೊಂಡೇ ಬಂದಿದ್ದೇವೆ. ತೋಟದ ಅಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆಸ್ಪತ್ರೆಗೆ ತಿಳಿಸಿ ಅನ್ನುತ್ತಾರೆ. ಯಾರೋ ಬಂದು ಜಾಗ ಬರೆದುಕೊಳ್ಳುತ್ತಾರೆ, ಕಾಯಿಲೆ ಹರಡುವ ಉಣ್ಣೆ ಹುಳ ಹಿಡಿದು ಪರೀಕ್ಷೆಗೆ ಒಯ್ಯುತ್ತಾರೆ, ಸುತ್ತಲಿನ ಮನೆಗಳಲ್ಲಿ ಜ್ವರ ವಿಚಾರಿಸುತ್ತಾರೆ. ಎಚ್‌ಐವಿ ಲೆಕ್ಕವೂ ಮೂಲದಲ್ಲಿ ಇದೇ ಜಾತಿಯದು. ಒಂದೇ ವ್ಯತ್ಯಾಸ: ಮಂಗನ ಕಾಯಿಲೆಯಲ್ಲಿ ಊರಿನ ಹೆಸರು ಪೇಪರಿನಲ್ಲಿ ಬಂದರೂ ಯಾರ ಮನೆಯ ಮದುವೆಯೂ ಮುರಿದು ಬೀಳುವುದಿಲ್ಲ. ಇಲ್ಲಿ ಬೀಳುತ್ತದೆ. ಅದಕ್ಕೇ ಇಲ್ಲಿ ಲೆಕ್ಕವೂ ಆಗಬೇಕು, ಗುಟ್ಟೂ ಉಳಿಯಬೇಕು.

ಎಚ್‌ಐವಿಯಲ್ಲಿ ಎರಡು ಬಗೆಯ ಲೆಕ್ಕ ಇದೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು, ಸೋಂಕು ಎಷ್ಟು ಜನರಲ್ಲಿದೆ ಅನ್ನುವುದು. ಅದಕ್ಕೆ ಆರಿಸಿದ ಕೆಲವು ಆಸ್ಪತ್ರೆಗಳಲ್ಲಿ, ಬಸುರಿಯರ ತಪಾಸಣೆಗೆ ಬಂದ 400 ಜನರ ಮಾದರಿಯನ್ನು ಮೂರು ತಿಂಗಳಲ್ಲಿ ನೋಡುವ ಪದ್ಧತಿ ಬೆಳೆದು ಬಂತು. ದೇಶದಲ್ಲಿ ಸೋಂಕಿತರು 25 ಲಕ್ಷದ ಆಸುಪಾಸು, ವಯಸ್ಕರಲ್ಲಿ ನೂರಕ್ಕೆ 0.2ರಷ್ಟು ಅನ್ನುವ ಅಂದಾಜು ಹುಟ್ಟುವುದು ಇಂಥ ಲೆಕ್ಕಗಳಿಂದ. ಅದಕ್ಕೂ ನಿಮಗೆ ಬಂದ ಫೋನಿಗೂ ಸಂಬಂಧವಿಲ್ಲ.

ನಿಮ್ಮದು ಎರಡನೆಯದು: ಸೋಂಕು ಇದೆ ಅಂತ ಗೊತ್ತಾದವರಿಗೆ ಆಮೇಲೆ ಏನಾಯಿತು? ಔಷಧಿ ಶುರುವಾಯಿತಾ, ಮುಂದುವರಿಯಿತಾ, ರಕ್ತದಲ್ಲಿ ವೈರಸ್ ಕಡಿಮೆಯಾಗಿ ಹತೋಟಿಗೆ ಬಂತಾ? ಸರ್ಕಾರ ಎಆರ್‌ಟಿ ಮಾತ್ರೆಯನ್ನು ಪುಕ್ಕಟೆಯಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಆಗ ಸಿಡಿ4, ಅಂದರೆ ರೋಗ ತಡೆಯುವ ರಕ್ತಕಣಗಳ ಲೆಕ್ಕ, ಇಳಿಯುವವರೆಗೆ ಕಾಯಬೇಕಿತ್ತು. 2017ರಿಂದ ಸೋಂಕು ಕಂಡ ಎಲ್ಲರಿಗೂ ಔಷಧಿ. ಅಂದರೆ ಮೈಯಲ್ಲಿ ಏನೂ ತೊಂದರೆಯಿಲ್ಲದವರೂ ದಿನಾ ಮಾತ್ರೆ ನುಂಗಬೇಕು, ಬದುಕಿರುವವರೆಗೆ. ಮೈ ಚೆನ್ನಾಗಿರುವಾಗ ಮಾತ್ರೆ ಬಿಡುವುದು ಬಲು ಸುಲಭ. ಬಿಪಿ ಮಾತ್ರೆ ನುಂಗುವವರನ್ನು ಕೇಳಿ ನೋಡಿ.

ಈ ಕೆಲಸಕ್ಕೆ ಇಟ್ಟುಕೊಂಡ ಗುರಿಗೆ ಮೂರು 95 ಅನ್ನುತ್ತಾರೆ. ಸೋಂಕಿರುವ 100 ಜನರಲ್ಲಿ 95 ಜನಕ್ಕೆ ತಮಗೆ ಸೋಂಕಿದೆ ಅಂತ ಗೊತ್ತಿರಬೇಕು. ಗೊತ್ತಿದ್ದವರಲ್ಲಿ ನೂರಕ್ಕೆ 95 ಜನ ಔಷಧಿಯಲ್ಲಿರಬೇಕು. ಔಷಧಿಯಲ್ಲಿರುವವರಲ್ಲಿ ನೂರಕ್ಕೆ 95 ಜನರ ವೈರಸ್ ಹತೋಟಿಯಲ್ಲಿರಬೇಕು. ಮೂರನ್ನೂ ಗುಣಿಸಿದರೆ ಸಿಗುವುದು 86ಕ್ಕೂ ಒಂದು ಕೂದಲು ಕಡಿಮೆ. ಗುರಿ ಮುಟ್ಟಿದರೂ ನೂರರಲ್ಲಿ ಹದಿನಾಲ್ಕು ಜನ ಎಲ್ಲೋ ಸೋರಿಹೋಗಿರುತ್ತಾರೆ. ಎಲ್ಲಿ ಸೋರಿತು ಅಂತ ಹುಡುಕುವುದೇ ಈ ಲೆಕ್ಕದ ಕೆಲಸ.

ಇಲ್ಲೊಂದು ಮೋಸ ಇದೆ. ಯಾರೂ ಬೇಕೆಂದು ಮಾಡುವ ಮೋಸವಲ್ಲ, ಲೆಕ್ಕವೇ ಮಾಡುವ ಮೋಸ. ಒಂದು ಸೆಂಟರಿನಲ್ಲಿ 100 ಜನ ಔಷಧಿ ಶುರು ಮಾಡಿದರು ಅಂತ ಇಟ್ಟುಕೊಳ್ಳಿ. ವರ್ಷದಲ್ಲಿ 20 ಜನ ಬರುವುದು ಬಿಟ್ಟರು. ಉಳಿದ 80 ಜನರ ರಕ್ತ ಪರೀಕ್ಷೆ ಮಾಡಿದರೆ 76 ಜನರಲ್ಲಿ ವೈರಸ್ ಹತೋಟಿಗೆ ಬಂದಿದೆ. ಎಂಬತ್ತಕ್ಕೆ ಎಪ್ಪತ್ತಾರು ಅಂದರೆ ಶೇಕಡಾ 95! ಗೋಡೆಗೆ ಹಾಕುವಂಥ ಅಂಕಿ. ಆದರೆ ಶುರು ಮಾಡಿದ 100ಕ್ಕೆ ಹಿಡಿದರೆ 76 ಅಷ್ಟೇ. ಬಿಟ್ಟು ಹೋದ ಇಪ್ಪತ್ತು ಜನ ಇನ್ನೊಂದು ಊರಿನಲ್ಲಿ ಮಾತ್ರೆ ತಗೊಳ್ಳುತ್ತಿದ್ದಾರಾ, ಕ್ಷಯ ಹಿಡಿದು ಮಲಗಿದ್ದಾರಾ, ತೀರಿಕೊಂಡರಾ? ಸೆಂಟರಿಗೆ ಬಂದವರನ್ನು ಮಾತ್ರ ಎಣಿಸುತ್ತ ಕೂತರೆ ಈ ಪ್ರಶ್ನೆ ಏಳುವುದೇ ಇಲ್ಲ. ಬರದವರು ಹೆಚ್ಚಾದಷ್ಟೂ ಅಂಕಿ ಚಂದ ಕಾಣುತ್ತದೆ, ಅದು ಇನ್ನೂ ಕೆಟ್ಟದ್ದು.

ಅಮೆರಿಕದವರೂ ಇದೇ ಹೊಂಡಕ್ಕೆ ಕಾಲಿಟ್ಟಿದ್ದರು. ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ಮೆಡಿಕಲ್ ಮಾನಿಟರಿಂಗ್ ಪ್ರಾಜೆಕ್ಟ್ ಅಂತ ನಡೆಸುತ್ತಿತ್ತು. ಸೋಂಕಿತರಲ್ಲಿ ಕೆಲವರನ್ನು ಮಾದರಿಯಾಗಿ ಆರಿಸಿ, ಅವರನ್ನು ಮಾತಾಡಿಸಿ, ಆಸ್ಪತ್ರೆಯ ದಾಖಲೆಯನ್ನೂ ನೋಡುತ್ತಿದ್ದರು. ಮೊದಲು ಚಿಕಿತ್ಸೆ ಪಡೆಯುತ್ತಿದ್ದವರನ್ನು ಮಾತ್ರ ಆರಿಸುತ್ತಿದ್ದರು. 2015ರಿಂದ ಚಿಕಿತ್ಸೆಗೆ ಬಾರದವರನ್ನೂ ಸೇರಿಸಿಕೊಂಡರು. ನಮ್ಮಲ್ಲಿ ಮಾದರಿ ಆರಿಸುವ ಬದಲು, ಔಷಧಿಗೆ ಬರುವ ಪ್ರತಿಯೊಬ್ಬರ ಕಾರ್ಡಿನಿಂದಲೇ ಲೆಕ್ಕ ಏಳುತ್ತದೆ. ಹಾಗಾಗಿ ಹೇಳಿದ ದಿನಕ್ಕೆ ಬಾರದ ನೀವು, ಬಂದವರಿಗಿಂತ ಮುಖ್ಯ. ನಿಮ್ಮ ಫೋನ್ ರಿಂಗಾದದ್ದು ಅದಕ್ಕೇ.

ಈಗ ಮೇಜಿನ ಮೇಲೆ ಏನಾಗುತ್ತದೆ ನೋಡೋಣ. ಬಾಟ್ಲಿಯಲ್ಲಿ ಮೂವತ್ತು ಮಾತ್ರೆ. ಇಪ್ಪತ್ತೆಂಟನೇ ದಿನ ಬಂದರೆ ಎರಡು ಉಳಿದಿರಬೇಕು. ಐದು ಉಳಿದಿದ್ದರೆ ಮೂರು ದಿನ ತಪ್ಪಿದೆ. ನೂರಕ್ಕೆ 95 ಭಾಗವಾದರೂ ನುಂಗಬೇಕು ಅನ್ನುವುದು ಅಳತೆ, ಅಂದರೆ ತಿಂಗಳಿಗೆ ಒಂದು ಮಾತ್ರೆ ತಪ್ಪಿದರೆ ಸೈ, ಎರಡಾದರೆ ಅಳತೆ ಮೀರಿತು. ಇದು ಗೊತ್ತಿದ್ದೇ ಕೆಲವರು ಉಳಿದದ್ದನ್ನು ಬಚ್ಚಲಿಗೆ ಸುರಿದು ಖಾಲಿ ಬಾಟ್ಲಿ ತರುತ್ತಿದ್ದರು. ಬೈಗುಳದ ಹೆದರಿಕೆ, ಪಾಪ. ಹಾಗೆ ಮಾಡಿದರೆ ಕಾರ್ಡಿನಲ್ಲಿ ಎಲ್ಲ ಸರಿಯಾಗಿರುತ್ತದೆ, ರಕ್ತ ಮಾತ್ರ ಬೇರೆ ಮಾತು ಹೇಳುತ್ತದೆ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆ, ಔಷಧಿ ಶುರುವಾಗಿ ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಒಂದು ಮಿಲಿಲೀಟರಿನಲ್ಲಿ 1000ಕ್ಕಿಂತ ಹೆಚ್ಚು ಬಂದರೆ ಕೂಡಲೇ ಔಷಧಿ ಬದಲಿಸುವುದಿಲ್ಲ. ಕೂರಿಸಿ ಮಾತಾಡುತ್ತಾರೆ, ಮೂರು ತಿಂಗಳು ಸರಿಯಾಗಿ ನುಂಗಿಸಿ ಮತ್ತೆ ನೋಡುತ್ತಾರೆ. ಆಗಲೂ ಇಳಿಯದಿದ್ದರೆ ಎರಡನೇ ಹಂತದ ಔಷಧಿ. ನೀವು ಸುಳ್ಳು ಲೆಕ್ಕ ಕೊಟ್ಟರೆ ಒಳ್ಳೆಯ ಔಷಧಿಯನ್ನೇ ಕೆಲಸ ಮಾಡುತ್ತಿಲ್ಲ ಅಂತ ಬದಲಿಸುವ ಪ್ರಸಂಗ ಬರಬಹುದು. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು ಈ ನಾಲ್ಕನ್ನು ಪ್ರತಿ ಸಲ ಕೇಳುವುದು ಕ್ಷಯವನ್ನು ಬೇಗ ಹಿಡಿಯಲಿಕ್ಕೆ.

ಈ ಪುಡಿ ಲೆಕ್ಕವನ್ನೆಲ್ಲ ಕೂಡಿಸಿದಾಗಲೇ ಊರಿನ ಚಿತ್ರ ಕಾಣುವುದು. ಡಿಸೆಂಬರಿನಿಂದ ಫೆಬ್ರವರಿವರೆಗೆ ಒಂದೇ ದಾರಿಯ ಏಳೆಂಟು ಜನ ತಪ್ಪಿಸಿಕೊಂಡರೆ ಅದು ಸೋಮಾರಿತನವಲ್ಲ, ಕೊಯ್ಲು. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಬದಲಿಸಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಂದು ಹೋಗುವುದೆಂದರೆ ದಿನ ಕಳೆಯಿತು. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ಆಗುವವರೆಗೆ ತುಮರಿ ಕಡೆಯವರು ಲಾಂಚಿಗೆ ಕಾದು ಹಿನ್ನೀರು ದಾಟಿ ಸಾಗರ ಮುಟ್ಟಬೇಕಿತ್ತು. ಹತ್ತಿರದಲ್ಲೇ ಮಾತ್ರೆ ಸಿಗಲಿ ಅಂತ ಲಿಂಕ್ ಎಆರ್‌ಟಿ ಕೇಂದ್ರಗಳು ಬಂದದ್ದು, ಸ್ಥಿರವಾಗಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವುದು ಶುರುವಾದದ್ದು, ಜನ ಯಾಕೆ ತಪ್ಪಿಸಿಕೊಳ್ಳುತ್ತಾರೆ ಅಂತ ನೋಡಿದ್ದರಿಂದಲೇ. ನಿಮ್ಮ ವೈರಲ್ ಲೋಡ್ ಚೆನ್ನಾಗಿದ್ದರೆ ಕೊಯ್ಲಿಗೆ ಮುಂಚೆಯೇ ಕೇಳಿ, ಸಂಕೋಚ ಬೇಡ.

ಇನ್ನು ಗುಟ್ಟಿನ ವಿಷಯ. ಸುಳ್ಳು ಸಮಾಧಾನ ಹೇಳುವುದಿಲ್ಲ: ಕಂಪ್ಯೂಟರಿನಲ್ಲಿ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಇರುತ್ತದೆ. ಇಲ್ಲದಿದ್ದರೆ ನಾಳೆ ನೀವು ಬೆಂಗಳೂರಿಗೆ ಹೋದಾಗ ಅಲ್ಲಿಯ ಸೆಂಟರಿನಲ್ಲಿ ಚಿಕಿತ್ಸೆ ಮುಂದುವರಿಸುವುದು ಕಷ್ಟ. ಆದರೆ ಇದಕ್ಕೊಂದು ಬೇಲಿ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ಕ್ಕೆ. ನಿಮ್ಮ ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯ ಹೊರಗೆ ಹೇಳುವಂತಿಲ್ಲ. ಚಿಕಿತ್ಸೆ ಕೊಡುವ ಇನ್ನೊಬ್ಬ ವೈದ್ಯರು, ಕೋರ್ಟಿನ ಆದೇಶ, ಮೇಲ್ವಿಚಾರಣೆಯ ಅಧಿಕಾರಿಗಳು, ಇಂತಿಷ್ಟು ಎಂದು ಕಾಯ್ದೆಯೇ ಬರೆದಿಟ್ಟ ಕೆಲವು ವಿನಾಯಿತಿಗಳಿವೆ. ಸಂಗಾತಿಗೆ ತಿಳಿಸುವ ವಿಷಯಕ್ಕೂ ಬೇರೆಯೇ ಷರತ್ತುಗಳಿವೆ. ಅಂಕಿ ಅಂಶ ಹೊರಗೆ ಹೋಗಬಹುದು, ಆದರೆ ಅದರಿಂದ ಇಂಥವರೇ ಅಂತ ಗುರುತು ಹಿಡಿಯಲು ಬರಬಾರದು. ಕೋರ್ಟಿನ ಪ್ರಕರಣದಲ್ಲಿ ಗೊತ್ತಾದ ಸೋಂಕಿನ ವಿಷಯವನ್ನು ಕೋರ್ಟಿನ ಆದೇಶವಿಲ್ಲದೆ ಹೊರಗೆ ಹೇಳಿದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಸಿಬ್ಬಂದಿ ಇರುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಬೇಕು, ರಾಜ್ಯಕ್ಕೊಬ್ಬರಾದರೂ ದೂರು ವಿಚಾರಿಸಿ ಆದೇಶ ಕೊಡುವ ಒಂಬುಡ್ಸ್‌ಮನ್ ಇರಬೇಕು.

ನಾನು ಕಂಡಂತೆ ಗುಟ್ಟು ಸೋರುವುದು ಹೆಚ್ಚಾಗಿ ವರಾಂಡದಲ್ಲಿ. ನಾನಿದ್ದ ಕಡೆಯೇ ಒಂದು ಸಲ, ಹೊರಗೆ ಮೂವತ್ತು ಜನ ಕೂತಿರುವಾಗ, ಅಟೆಂಡರ್ ಒಬ್ಬರ ಹೆಸರು ಕೂಗಿ ‘ನೀವು ಎಆರ್‌ಟಿ ಅಲ್ವಾ, ಆ ಕಡೆ ಹೋಗಿ’ ಅಂದ. ಆ ಮನುಷ್ಯ ಆ ಕಡೆ ಹೋಗಲಿಲ್ಲ, ಗೇಟಿನ ಕಡೆ ಹೋದರು. ಮತ್ತೆ ಕರೆತರಲು ನನಗೆ ಐದು ತಿಂಗಳು ಹಿಡಿಯಿತು. ಇಂಥದ್ದಾದರೆ ಸುಮ್ಮನಿರಬೇಡಿ, ದೂರು ಕೊಡಿ. ಎಲ್ಲಿ ಕೊಡಬೇಕು ಅಂತ ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಬಸ್ಸಿನಲ್ಲಿ ಬಾಟ್ಲಿ ಗಿಲಿಗಿಲಿ ಅನ್ನುತ್ತದೆ ಅಂತ ಮಾತ್ರೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗುವವರನ್ನೂ ನೋಡಿದ್ದೇನೆ. ಅದು ಬೇಡ, ಮಲೆನಾಡಿನ ತೇವಕ್ಕೆ ಮಾತ್ರೆ ಕೆಡುತ್ತದೆ. ಬಾಟ್ಲಿಯೊಳಗಿನ ತೇವ ಹೀರುವ ಪುಟ್ಟ ಪೊಟ್ಟಣವನ್ನೂ ಎಸೆಯಬೇಡಿ. ಬಾಟ್ಲಿಯನ್ನೇ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿಕೊಂಡರೆ ಸದ್ದು ಕಡಿಮೆಯಾಗುತ್ತದೆ.

ಫೋನಿನ ವಿಷಯಕ್ಕೆ ಬಂದರೆ, ತಪ್ಪು ನಂಬರ್ ಕೊಟ್ಟು ಕೈ ತೊಳೆದುಕೊಳ್ಳುವವರು ಬಹಳ. ಅದರ ಬದಲು ಯಾವ ಹೊತ್ತಿಗೆ ಮಾಡಬೇಕು, ಬೇರೆಯವರು ಎತ್ತಿದರೆ ಏನು ಹೇಳಬೇಕು ಅಂತ ನೀವೇ ಮೊದಲು ಹೇಳಿಟ್ಟುಬಿಡಿ. ಹೊಸನಗರ ಕಡೆಯ ಒಬ್ಬರು ನಮ್ಮ ನಂಬರನ್ನು ಮೊಬೈಲಿನಲ್ಲಿ ‘ಗೊಬ್ಬರದಂಗಡಿ’ ಅಂತ ಸೇವ್ ಮಾಡಿಕೊಂಡಿದ್ದರು. ಒಂದು ಮಳೆಗಾಲ ಅವರು ಬರಲಿಲ್ಲ. ಫೋನ್ ಮಾಡಿದೆ, ಎತ್ತಿದ್ದು ಅವರ ಅಮ್ಮ. ‘ಅಂಗಡಿಯಿಂದ ಅಮ್ಮ, ಸ್ಟಾಕ್ ಬಂದಿದೆ ಅಂತ ಹೇಳಿ’ ಅಂದೆ. ಆ ಕಡೆಯಿಂದ ಕೂಗು ಕೇಳಿಸಿತು: ‘ತಮಾ, ಗೊಬ್ಬರ ಬಂದೈತಂತೆ, ನಾಳೆ ಬಸ್ಸಿಗೆ ಹೋಗಿ ತಗಂಬಾ.’ ಮರುದಿನ ಹನ್ನೊಂದು ಗಂಟೆಗೆ ಬಂದರು, ಒದ್ದೆ ಕೊಡೆ ಬಾಗಿಲಿಗೆ ಒರಗಿಸಿ, ಉಳಿದ ಮಾತ್ರೆ ಎಣಿಸಿ ಮೇಜಿನ ಮೇಲಿಟ್ಟರು. ಒಂಬತ್ತು ಇತ್ತು. ಅಷ್ಟನ್ನೇ ಬರೆದುಕೊಂಡೆ.