ಸಿಟ್ಟನ್ನು ಹೊರಗೆ ಹಾಕಿಬಿಟ್ಟರೆ ಒಳ್ಳೆಯದಲ್ಲವೇ?

ಪ್ರಶ್ನೆ: ನನಗೆ ಸಿಟ್ಟು ಬೇಗ ಬರುತ್ತದೆ. ಬಂದದ್ದು ಬೇಗ ಇಳಿಯುವುದೂ ಇಲ್ಲ, ದಿನವಿಡೀ ಒಳಗೊಳಗೇ ಕುದಿಯುತ್ತಿರುತ್ತೇನೆ. ಸಿಟ್ಟನ್ನು ನುಂಗಿಕೊಂಡರೆ ಹೃದಯಕ್ಕೆ ಕೆಟ್ಟದ್ದು, ಕೂಗಾಡಿ ಹೊರಗೆ ಹಾಕಿದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ಇದು ನಿಜವೇ? ಸಿಟ್ಟಿನಿಂದ ಆರೋಗ್ಯ ಕೆಡುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹೌದು, ಕೆಡುತ್ತದೆ. ಆದರೆ ಕೂಗಾಡಿದರೆ ಸರಿಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದುಬಿಟ್ಟರೂ ಅಪಾಯ ತಪ್ಪುವುದಿಲ್ಲ. ಸಿಟ್ಟು ಒಳಗಿದೆಯೋ ಹೊರಗೆ ಬಂತೋ ಎನ್ನುವುದಕ್ಕಿಂತ, ಅದು ಎಷ್ಟು ಸಲ ಬರುತ್ತದೆ, ಬಂದಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ನೋಡಬೇಕು. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ‘ಬೇಗ ಬರುತ್ತದೆ’ ಎಂಬ ಮಾತಲ್ಲ, ‘ಬೇಗ ಇಳಿಯುವುದಿಲ್ಲ’ ಎಂಬ ಮಾತು.

ಸಿಟ್ಟು ಬಂದ ಕ್ಷಣ ದೇಹ ಜಗಳಕ್ಕೆ ಸಜ್ಜಾಗುತ್ತದೆ. ಅಡ್ರಿನಲಿನ್ ರಕ್ತಕ್ಕೆ ನುಗ್ಗುತ್ತದೆ, ಹೃದಯದ ಬಡಿತ ಮತ್ತು ರಕ್ತದೊತ್ತಡ ಏರುತ್ತವೆ, ಸ್ನಾಯುಗಳು ಬಿಗಿಯಾಗುತ್ತವೆ. ಗಾಯವಾದರೆ ರಕ್ತ ಹೆಚ್ಚು ಸೋರಬಾರದಲ್ಲ, ಅದಕ್ಕಾಗಿ ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ. ಎದುರಿಗೆ ನಿಜವಾದ ಅಪಾಯವಿದ್ದಾಗ ಇದೆಲ್ಲ ಜೀವ ಉಳಿಸುವ ಏರ್ಪಾಡು. ಕುರ್ಚಿಯಲ್ಲಿ ಕೂತು, ನಿನ್ನೆ ಯಾರೋ ಆಡಿದ ಮಾತನ್ನು ನೆನೆದು ಕುದಿಯುವಾಗಲೂ ದೇಹ ಇದನ್ನೇ ಮಾಡುತ್ತದೆ ಎಂಬುದೇ ತೊಂದರೆ.

ಹಾಗೆ ನೆನೆದುಕೊಂಡರೆ ಸಾಕು ಎಂಬುದನ್ನು ಅಮೆರಿಕದಲ್ಲಿ 2024ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿಕೊಟ್ಟಿತು. ಆರೋಗ್ಯವಂತರಾದ 280 ಜನರಲ್ಲಿ ಒಂದು ಗುಂಪಿಗೆ, ಸಿಟ್ಟು ತರಿಸಿದ ಹಳೆಯ ಘಟನೆಯೊಂದನ್ನು 8 ನಿಮಿಷ ನೆನಪಿಸಿಕೊಳ್ಳಲು ಹೇಳಿದರು. ಬೇರೆ ಗುಂಪುಗಳಲ್ಲಿ ಆತಂಕ ಅಥವಾ ದುಃಖ ಹುಟ್ಟಿಸಿದರು. ಸಿಟ್ಟನ್ನು ನೆನೆದವರಲ್ಲಿ ರಕ್ತನಾಳಗಳು ಸಲೀಸಾಗಿ ಹಿಗ್ಗುವ ಶಕ್ತಿ ಕುಗ್ಗಿತು, ಅದರ ಪರಿಣಾಮ 40 ನಿಮಿಷಗಳವರೆಗೂ ಕಂಡಿತು. ದುಃಖದಲ್ಲಾಗಲಿ ಆತಂಕದಲ್ಲಾಗಲಿ ಅಂಥ ಸ್ಪಷ್ಟ ಬದಲಾವಣೆ ಕಾಣಲಿಲ್ಲ. ಎಂಟು ನಿಮಿಷದ ನೆನಪಿಗೆ ಇಷ್ಟು! ದಿನಕ್ಕೆ ಹತ್ತು ಸಲ ಅದೇ ಮಾತನ್ನು ಮೆಲುಕು ಹಾಕುವವರ ರಕ್ತನಾಳಗಳಿಗೆ ಬಿಡುವು ಸಿಗುವುದು ಯಾವಾಗ?

ಸಿಟ್ಟು ನೆತ್ತಿಗೇರಿದ ಮೇಲಿನ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಸುಮಾರು ಐದು ಪಟ್ಟು ಹೆಚ್ಚುತ್ತದೆ ಎಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆ ಹೇಳಿತು. ಈ ಸಂಖ್ಯೆಯನ್ನು ಓದಿ ಹೆದರಬೇಡಿ. ತಿಂಗಳಿಗೊಮ್ಮೆ ಸಿಟ್ಟು ಮಾಡುವ, ಹೃದಯದ ತೊಂದರೆಯ ಸಾಧ್ಯತೆ ಕಡಿಮೆ ಇರುವ 10,000 ಜನರಲ್ಲಿ ಇದರಿಂದ ವರ್ಷಕ್ಕೆ ಹೆಚ್ಚುವರಿಯಾಗಿ ಆಗುವುದು ಒಂದೇ ಒಂದು ಹೃದಯಾಘಾತ ಎಂದು ಅದೇ ಸಂಶೋಧಕರು ಅಂದಾಜಿಸಿದರು. ಆದರೆ ದಿನಕ್ಕೆ ಐದು ಸಲ ಸಿಡಿಯುವವರಲ್ಲಿ ಅದು ಸುಮಾರು 158ಕ್ಕೆ ಏರುತ್ತದೆ. ಅಪರೂಪಕ್ಕೆ ಬರುವ ಸಿಟ್ಟಿಗೆ ಯಾರೂ ಅಂಜಬೇಕಿಲ್ಲ. ಸಿಟ್ಟೇ ಸ್ವಭಾವವಾಗಿಬಿಟ್ಟರೆ ಮಾತು ಬೇರೆ.

ಈ ಸ್ವಭಾವದ ಹುಡುಕಾಟಕ್ಕೆ ಒಂದು ಇತಿಹಾಸವಿದೆ. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೃದ್ರೋಗ ತಜ್ಞರಾದ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್, ಸದಾ ಅವಸರ, ಪೈಪೋಟಿ, ಸಿಡುಕುತನ ಇರುವವರನ್ನು ‘ಟೈಪ್ ಎ’ ಎಂದು ಕರೆದರು. ಅಂಥವರಿಗೆ ಹೃದ್ರೋಗ ಹೆಚ್ಚು ಎಂದರು. ಮುಂದೆ ನಡೆದ ಕೆಲವು ದೊಡ್ಡ ಅಧ್ಯಯನಗಳಲ್ಲಿ ಆ ನಂಟು ಸಿಗಲಿಲ್ಲ. ಬಿಡಿಸಿ ನೋಡಿದಾಗ, ಚುರುಕಾಗಿ ಕೆಲಸ ಮಾಡುವುದಾಗಲಿ ಗೆಲ್ಲುವ ಹಟವಾಗಲಿ ಅಷ್ಟು ಕೆಟ್ಟದ್ದಲ್ಲ, ವಿಷವಿರುವುದು ಹಗೆತನದಲ್ಲಿ ಎಂಬ ಅಭಿಪ್ರಾಯ ಬಲವಾಯಿತು. ಹಗೆತನವೆಂದರೆ ಇಲ್ಲಿ ಯಾರೊಂದಿಗೋ ಕಟ್ಟಿಕೊಂಡ ವೈರವಲ್ಲ. ‘ಜನರನ್ನು ನಂಬುವ ಹಾಗಿಲ್ಲ, ಎಲ್ಲರೂ ತಮ್ಮ ಲಾಭ ನೋಡುವವರೇ, ನನ್ನನ್ನು ಕೆಣಕಲೆಂದೇ ಹೀಗೆ ಮಾಡುತ್ತಾರೆ’ ಎಂದು ಸದಾ ಅಂದುಕೊಳ್ಳುವ ಮನಸ್ಸು. ಅದು ಬೂದಿ ಮುಚ್ಚಿದ ಕೆಂಡ. ಮೇಲಿನಿಂದ ನೋಡಿದರೆ ಮನುಷ್ಯ ತಣ್ಣಗೇ ಇರುತ್ತಾನೆ.

2009ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆಯಲ್ಲಿ, ಸಿಟ್ಟು ಮತ್ತು ಹಗೆತನ ಹೆಚ್ಚಿದ್ದ ಆರೋಗ್ಯವಂತರಿಗೆ ಮುಂದೆ ಹೃದ್ರೋಗ ಬರುವ ಸಾಧ್ಯತೆ ಶೇ. 19ರಷ್ಟು ಹೆಚ್ಚು ಕಂಡಿತ್ತು. ಇದರಲ್ಲಿ ದೊಡ್ಡ ಪಾಲು ಅಭ್ಯಾಸಗಳದ್ದು: ಕುದಿಯುವ ಮನಸ್ಸು ಸಿಗರೇಟು ಹುಡುಕುತ್ತದೆ, ವ್ಯಾಯಾಮ ಬಿಡುತ್ತದೆ. ರಾತ್ರಿ ಹಾಸಿಗೆಯಲ್ಲೂ ಅದೇ ವಾದ ಮುಂದುವರಿದು ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮರುದಿನ ಸಿಟ್ಟು ಇನ್ನೂ ಬೇಗ ಬರುತ್ತದೆ.

ಹೃದಯದ ಮಾತು ಎಲ್ಲರೂ ಆಡುತ್ತಾರೆ. ನನಗೆ ಅದಕ್ಕಿಂತ ಮನಸ್ಸಿಗೆ ನಾಟಿದ್ದು ಒಹಾಯೋ ವಿಶ್ವವಿದ್ಯಾಲಯವೊಂದರ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ. 42 ದಂಪತಿಗಳ ತೋಳಿನ ಮೇಲೆ ಚಿಕ್ಕ ಬೊಕ್ಕೆಯಂಥ ಗಾಯಗಳನ್ನು ಮಾಡಿ, ಅವರಿಬ್ಬರೂ ಮಾತಾಡುವುದನ್ನು ಗಮನಿಸಿ, ಗಾಯ ಮಾಯುವುದನ್ನು ಅಳೆದರು. ಪರಸ್ಪರ ಹಗೆಯಿಂದ ಮಾತಾಡುತ್ತಿದ್ದ ದಂಪತಿಗಳ ಗಾಯ, ಉಳಿದವರ ಗಾಯ ಮಾಯುವ ವೇಗದ ಶೇ. 60ರಷ್ಟರಲ್ಲಿ ಮಾತ್ರ ಮಾಯಿತು. ಒಂದೇ ಮನೆಯಲ್ಲಿ ದಿನವೂ ಸಿಡಿಮಿಡಿಗೊಳ್ಳುತ್ತಾ ಬದುಕುವ ಇಬ್ಬರ ಚರ್ಮಕ್ಕೂ ಆ ಜಗಳ ತಟ್ಟುತ್ತದೆ ಎಂದಾಯಿತು.

ಮನೆಯಲ್ಲಿ, ಕೆಲಸದ ಜಾಗದಲ್ಲಿ ಆಗುವ ನಷ್ಟಕ್ಕೆ ಅಧ್ಯಯನವೇ ಬೇಕಿಲ್ಲ. ಸಿಡುಕುವವರ ಹತ್ತಿರ ಮಕ್ಕಳು ತಮ್ಮ ತಪ್ಪನ್ನು ಹೇಳಿಕೊಳ್ಳುವುದಿಲ್ಲ, ಸಹೋದ್ಯೋಗಿಗಳು ಕೆಟ್ಟ ಸುದ್ದಿಯನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದು ಬಯಲಾದಾಗ ‘ನೋಡಿದಿರಾ, ಯಾರನ್ನೂ ನಂಬುವಂತಿಲ್ಲ’ ಎಂಬ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಕಷ್ಟಕ್ಕೆ ಜೊತೆಯಾಗಬೇಕಾದವರು ಒಬ್ಬೊಬ್ಬರಾಗಿ ದೂರ ಸರಿಯುತ್ತಾರೆ.

ಇನ್ನು ಹೊರಗೆ ಹಾಕುವ ಮಾತು. ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರ ಪ್ರಯೋಗದಲ್ಲಿ, ಸಿಟ್ಟು ಬಂದವರಿಗೆ ಸಿಟ್ಟು ತರಿಸಿದವನನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಲು ಹೇಳಿದರು. ಅವರ ಸಿಟ್ಟು ಇಳಿಯುವ ಬದಲು ಹೆಚ್ಚೇ ಇತ್ತು. ಏನೂ ಮಾಡದೆ ಸುಮ್ಮನೆ ಕೂತವರ ಸ್ಥಿತಿಯೇ ಮೇಲಾಗಿತ್ತು. 2024ರಲ್ಲಿ ಅವರು ಮತ್ತು ಸಹ ಸಂಶೋಧಕಿಯೊಬ್ಬರು 154 ಅಧ್ಯಯನಗಳನ್ನು ಜೋಡಿಸಿ ನೋಡಿದಾಗಲೂ ಉತ್ತರ ಹೆಚ್ಚುಕಡಿಮೆ ಇದೇ ಆಗಿತ್ತು: ದೇಹದ ಬಿರುಸನ್ನು ಇಳಿಸುವ ಕೆಲಸಗಳಿಂದ, ಅಂದರೆ ನಿಧಾನ ಉಸಿರಾಟ, ಧ್ಯಾನ, ಸ್ನಾಯುಗಳನ್ನು ಸಡಿಲಿಸುವುದು, ಯೋಗ ಇಂಥವುಗಳಿಂದ ಸಿಟ್ಟು ತಗ್ಗುತ್ತದೆ. ಓಟ ಹೃದಯಕ್ಕೆ ಒಳ್ಳೆಯದಾದರೂ ಸಿಟ್ಟಿಗೆ ಮದ್ದಲ್ಲ.

ಹಾಗೆಂದು ನುಂಗಿಕೊಂಡು ಕೂರಿ ಎನ್ನುತ್ತಿಲ್ಲ. ನಿಮಗೆ ಅನ್ಯಾಯವಾಗಿದ್ದರೆ ಅದನ್ನು ಹೇಳಲೇಬೇಕು. ದೇಹ ತಣ್ಣಗಾದ ಮೇಲೆ ಹೇಳಿ, ‘ನೀವು ಯಾವಾಗಲೂ ಹೀಗೇ’ ಎನ್ನುವ ಬದಲು ಏನಾಯಿತು, ನಿಮಗೇನು ಬೇಕು ಎಂಬುದನ್ನಷ್ಟೇ ಹೇಳಿ. ಮೆಲುಕು ಶುರುವಾದದ್ದು ಗೊತ್ತಾದ ಕೂಡಲೇ ಎದ್ದು ಬೇರೆ ಕೆಲಸಕ್ಕೆ ಕೈಹಾಕಿ. ಜೊತೆಗೆ ‘ಬೇಕೆಂದೇ ಮಾಡಿದರು’ ಎಂದು ಅನಿಸಿದಾಗಲೆಲ್ಲ ಇನ್ನೊಂದು ಕಾರಣವನ್ನೂ ಊಹಿಸುವ ಅಭ್ಯಾಸ ಮಾಡಿಕೊಳ್ಳಿ, ಮೊದಮೊದಲು ಅದು ಬಲವಂತ ಅನಿಸಿದರೂ ಸರಿ.

ಸ್ವಭಾವ ಬದಲಾಗುತ್ತದೆಯೇ ಎಂಬ ಅನುಮಾನ ನಿಮಗಿರಬಹುದು. ಫ್ರೀಡ್‌ಮನ್ ಅವರೇ, ಒಮ್ಮೆ ಹೃದಯಾಘಾತವಾದವರಿಗೆ ಅವಸರ ಮತ್ತು ಹಗೆತನ ತಗ್ಗಿಸುವ ಗುಂಪು ತರಬೇತಿ ಕೊಟ್ಟು ನಾಲ್ಕೂವರೆ ವರ್ಷ ಗಮನಿಸಿದರು. ಅವರಲ್ಲಿ ಶೇ. 12.9 ಮಂದಿಗೆ ತೊಂದರೆ ಮರುಕಳಿಸಿತು. ಹೃದಯದ ಬಗೆಗಿನ ಸಾಮಾನ್ಯ ಸಲಹೆಯಷ್ಟನ್ನೇ ಪಡೆದವರಲ್ಲಿ ಅದು ಶೇ. 21.2 ಇತ್ತು.

ಸಿಡುಕುತನ ಇತ್ತೀಚೆಗೆ ಹೆಚ್ಚಾಗಿದ್ದರೆ ಮೊದಲು ವೈದ್ಯರನ್ನು ಕಾಣಿ. ಖಿನ್ನತೆ ಎಷ್ಟೋ ಸಲ ಅಳುವಾಗಿ ಕಾಣದೆ ಸಿಟ್ಟಾಗಿ ಕಾಣುತ್ತದೆ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವಾಗಲೂ ಹೀಗಾಗುತ್ತದೆ. ರಕ್ತದೊತ್ತಡವನ್ನೂ ನೋಡಿಸಿಕೊಳ್ಳಿ. ಕೈ ಎತ್ತುವ ಮಟ್ಟಕ್ಕೆ ಸಿಟ್ಟು ಬರುತ್ತಿದ್ದರೆ ಆಪ್ತಸಮಾಲೋಚಕರ ನೆರವನ್ನು ಮುಂದೂಡಬೇಡಿ. ಸಿಟ್ಟಿನ ನಡುವೆ ಎದೆ ಹಿಂಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಅದು ಸಿಟ್ಟಿನಿಂದ ಆದದ್ದು, ಇಳಿದೀತು ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.