ಕೋಡ್ ಬರೆಯುವ ಪ್ರೋಗ್ರಾಮನ್ನು ಹಂಚುವ ತಲೆನೋವು

ಸರ್ವರ್ ಜಾವಾದಲ್ಲಿ, ಲೆಕ್ಕಾಚಾರ ಪೈಥಾನ್‌ನಲ್ಲಿ, ಬಳಕೆದಾರನಿಗೆ ಕಾಣುವ ಪುಟ ಜಾವಾಸ್ಕ್ರಿಪ್ಟ್‌ನಲ್ಲಿ. ಒಂದೇ ತಂತ್ರಾಂಶದೊಳಗೆ ಇಷ್ಟು ಭಾಷೆಗಳು ಸೇರಿದಾಗ ಜಗಳ ಶುರುವಾಗುವುದು ಚಿಕ್ಕ ಸಂಗತಿಗಳಲ್ಲಿ. 9007199254740993 ಎಂಬ ಗುರುತಿನ ಸಂಖ್ಯೆಯನ್ನು ಜಾವಾದ 64 ಬಿಟ್ ಪೂರ್ಣಾಂಕ ಸರಿಯಾಗಿಯೇ ಹಿಡಿದಿಡುತ್ತದೆ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ಸಂಖ್ಯೆಯಲ್ಲಿ ಕೊನೆಯ 3 ಸದ್ದಿಲ್ಲದೆ 2 ಆಗುತ್ತದೆ. ದೋಷಸಂದೇಶವೂ ಬರುವುದಿಲ್ಲ.

ಪರಿಹಾರ ಹಳೆಯದೇ. ದತ್ತಾಂಶದ ರಚನೆಯನ್ನು ಯಾವ ಭಾಷೆಗೂ ಸೇರದ ಒಂದು ಕಡತದಲ್ಲಿ ಬರೆದು, ಪ್ರತಿ ಭಾಷೆಗೆ ಬೇಕಾದ ಕೋಡನ್ನು ಒಂದು ಜನರೇಟರ್‌ನಿಂದ, ಅಂದರೆ ಕೋಡ್ ಬರೆಯುವ ಪ್ರೋಗ್ರಾಮಿನಿಂದ, ಬರೆಸುವುದು. ಇಂಥ ಸಾಧನಗಳಲ್ಲಿ ಫೇಸ್‌ಬುಕ್ 2007ರಲ್ಲಿ ಥ್ರಿಫ್ಟ್ ಅನ್ನು, ಗೂಗಲ್ 2008ರಲ್ಲಿ ಪ್ರೋಟೊಕಾಲ್ ಬಫರ್ಸ್ ಅನ್ನು ಎಲ್ಲರಿಗೂ ತೆರೆದಿಟ್ಟವು. ಎರಡನೆಯದರಲ್ಲಿ ಮೊದಲ ಅಂಕಣದ (ದತ್ತಾಂಶದ ಒಂದು ಬಿಡಿ ಭಾಗದ) ಮೌಲ್ಯ 300 ಎಂದರೆ ಸಾಗುವುದು ಮೂರೇ ಬೈಟ್: 8, 172, 2. ಮೊದಲನೆಯದು ಅಂಕಣದ ಗುರುತು. 172ರಲ್ಲಿ 128 ‘ಇನ್ನೂ ಇದೆ’ ಎಂಬ ಸೂಚನೆ, ಉಳಿಯುವುದು 44. ಮುಂದಿನ 2 ಎಂದರೆ ಎರಡು 128, ಅಂದರೆ 256. ಕೂಡಿಸಿದರೆ 300. ಅಂಕಣದ ಹೆಸರು ಎಲ್ಲೂ ಇಲ್ಲದ್ದರಿಂದ ಕಳಿಸುವ, ಪಡೆಯುವ ಎರಡೂ ಬದಿಯ ಕೋಡು ಒಂದೇ ರಚನಾ ವಿವರಣೆಯಿಂದ, ಇಲ್ಲವೆ ಪರಸ್ಪರ ಹೊಂದುವ ವಿವರಣೆಗಳಿಂದ ಹುಟ್ಟಿರಬೇಕು.

ಜನರೇಟರ್ ಬರೆಯುವುದು ಖುಷಿಯ ಕೆಲಸ. ಅದನ್ನು ಬೇರೆಯವರ ಯಂತ್ರಕ್ಕೆ ತಲುಪಿಸುವುದು ಹಾಗಲ್ಲ. ಪ್ರೋಟೊಕಾಲ್ ಬಫರ್ಸ್‌ನ ಜನರೇಟರ್ ಸಿ++ನಲ್ಲಿದೆ. ಪೈಥಾನ್ ಬರೆಯುವವರಿಗೆ ಸಿ++ ಕಂಪೈಲರ್ (ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಪ್ರೋಗ್ರಾಮ್) ಹಾಕಿಕೊಳ್ಳಿ ಎಂದರೆ ಅವರು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಬಿಡುತ್ತಾರೆ. ಹಾಗಾಗಿ ವಿಂಡೋಸ್, ಮ್ಯಾಕ್, ಲಿನಕ್ಸ್‌ಗೆ ಬೇರೆಬೇರೆ ಸಿದ್ಧ ಕಡತಗಳನ್ನು ಕಟ್ಟಿ, ಜಾವಾದವರಿಗೆ ಅವರ ಪ್ಯಾಕೇಜ್ ಭಂಡಾರವಾದ ಮೇವನ್‌ನಲ್ಲಿ, ಪೈಥಾನ್‌ನವರಿಗೆ ಅವರು ಪಿಪ್ ಎಂಬ ಸಾಧನದಿಂದ ಹಾಕಿಕೊಳ್ಳುವ ಪ್ಯಾಕೇಜಿನ ಹೊಟ್ಟೆಯೊಳಗೆ ಇಟ್ಟು ಕೊಡುತ್ತಾರೆ. ಲಿನಕ್ಸ್ ಎಂದರೂ ಒಂದೇ ಅಲ್ಲ: ಉಬುಂಟು ಎಂಬ ಲಿನಕ್ಸ್‌ಗಾಗಿ ಕಟ್ಟಿದ್ದು ಅಲ್ಪೈನ್ ಎಂಬ ಇನ್ನೊಂದರಲ್ಲಿ ಓಡದೆ ಹೋಗಬಹುದು, ಪ್ರೋಗ್ರಾಮುಗಳು ನೆಚ್ಚಿಕೊಳ್ಳುವ ಮೂಲ ಸಿ ಲೈಬ್ರರಿಯೇ ಎರಡರಲ್ಲೂ ಬೇರೆ.

ಹೊಸ ಭಾಷೆ ಸೇರಿಸುವ ಉಪಾಯ ಮಾತ್ರ ಚೊಕ್ಕವಾಗಿದೆ. ನಿಗದಿತ ಪೂರ್ವಪದದ ಹೆಸರಿರುವ ಯಾವುದೇ ಪ್ರೋಗ್ರಾಮನ್ನು ಜನರೇಟರ್ ಹುಡುಕಿ ಓಡಿಸುತ್ತದೆ. ವಿವರಣೆಯನ್ನು ಅದರ ಇನ್‌ಪುಟ್‌ಗೆ ಸುರಿದು, ಔಟ್‌ಪುಟ್‌ನಿಂದ ಕೋಡನ್ನು ಪಡೆಯುತ್ತದೆ. ಈ ಕೊಡುಕೊಳ್ಳುವಿಕೆಯೂ ಪ್ರೋಟೊಕಾಲ್ ಬಫರ್ಸ್ ರೂಪದಲ್ಲೇ ನಡೆಯುತ್ತದೆ!

ನಿಜವಾದ ಪೆಟ್ಟು ಬೀಳುವುದು ಆವೃತ್ತಿಗಳಲ್ಲಿ. ಹುಟ್ಟಿದ ಕೋಡು ಒಂಟಿಯಲ್ಲ, ಅದರ ಬೆನ್ನಿಗೆ ಒಂದು ರನ್‌ಟೈಮ್ ಲೈಬ್ರರಿ, ಅಂದರೆ ಓಡುವಾಗ ನೆರವಾಗುವ ಸಿದ್ಧ ಕೋಡು, ಬೇಕು. 2022ರಲ್ಲಿ ಪ್ರೋಟೊಕಾಲ್ ಬಫರ್ಸ್‌ನ ಪೈಥಾನ್ ಲೈಬ್ರರಿ 4.21ನೇ ಆವೃತ್ತಿಗೆ ಏರಿದಾಗ, 3.19ಕ್ಕಿಂತ ಹಳೆಯ ಜನರೇಟರ್ ಬರೆದಿದ್ದ ಕಡತಗಳು ಲೋಡ್ ಆಗುವಾಗಲೇ ಮುಗ್ಗರಿಸಿದವು. ಅನೇಕರು ಆ ಕಡತಗಳನ್ನು ಸ್ವತಃ ಮಾಡಿದವರೂ ಅಲ್ಲ, ಯಾವುದೋ ಪ್ಯಾಕೇಜಿನೊಳಗೆ ಬಂದಿದ್ದವು.

ಆದ್ದರಿಂದ ನನ್ನ ಪಕ್ಷಪಾತ ಹೀಗಿದೆ: ಲೈಬ್ರರಿ ಹಂಚುವವರು ಹುಟ್ಟಿದ ಕೋಡನ್ನೇ ಪ್ಯಾಕೇಜಿನಲ್ಲಿಟ್ಟು, ಯಾವ ರನ್‌ಟೈಮ್ ಆವೃತ್ತಿಗಳಿಗೆ ಅದು ಹೊಂದುತ್ತದೆಂದು ಅಲ್ಲೇ ನಮೂದಿಸಲಿ. ಜನರೇಟರ್ ಕಡತದ ತಲೆಯಲ್ಲಿ ತನ್ನ ಆವೃತ್ತಿ ಬರೆಯಲಿ, ದಿನಾಂಕ ಬೇಡ. ದಿನಾಂಕವಿದ್ದರೆ ಪ್ರತಿ ಬಾರಿಯೂ ಕಡತ ಬದಲಾದಂತೆ ತೋರುತ್ತದೆ. ಅದಿಲ್ಲದಿದ್ದರೆ ಬಿಡುಗಡೆಗೆ ಮುನ್ನ ಕೋಡನ್ನು ಮತ್ತೊಮ್ಮೆ ಹುಟ್ಟಿಸಿ ಹೋಲಿಸಬಹುದು, ಒಂದು ಸಾಲು ವ್ಯತ್ಯಾಸವಾದರೂ ಬಿಡುಗಡೆಯನ್ನು ತಡೆಯಬಹುದು.