ಚಿಕ್ಕ ಸಂಘ, ದೊಡ್ಡ ಮುಖಂಡರು: ಸ್ವಸಹಾಯ ಸಂಘಗಳಿಂದ ಕಲಿಯುವುದು

ತರಗತಿಯಲ್ಲಿ ಸ್ವಸಹಾಯ ಸಂಘದ ಪಾಠ ಸಾಮಾನ್ಯವಾಗಿ 1992ರಿಂದ ಶುರುವಾಗುತ್ತದೆ. ಆ ವರ್ಷ ನಬಾರ್ಡ್ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಕೈಗೆತ್ತಿಕೊಂಡಿತು. ಪರೀಕ್ಷೆಗೆ ಅಷ್ಟು ಸಾಕು. ನಾಯಕತ್ವದ ವಿಷಯ ಅರ್ಥವಾಗಬೇಕಾದರೆ ಮಾತ್ರ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡಾ ಎಂಬ ಸ್ವಯಂಸೇವಾ ಸಂಸ್ಥೆ ಆಮೇಲೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತು. 1984-85ರ ಹೊತ್ತಿಗೆ ಅವುಗಳಲ್ಲಿ ಕೆಲವು ಒಡೆದವು. ಆಡಳಿತ ಸರಿಯಿರಲಿಲ್ಲ, ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಆದರೂ ಸಾಲ ತೀರಿಸಲು ಅವರು ತಯಾರಿದ್ದರು! ಮೈರಾಡಾಗೆ ಕಟ್ಟುತ್ತೇವೆ, ಆ ಸಹಕಾರ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಅಂದರು. ಹಾಗಾದರೆ ನೀವು ನಂಬುವ ಚಿಕ್ಕ ಗುಂಪಿಗೇ ಕಟ್ಟಿ ಎಂದಿತು ಸಂಸ್ಥೆ. ಸ್ವಸಹಾಯ ಗುಂಪುಗಳು ಬೆಳೆದದ್ದು ಹೀಗೆ.

ಹೀಗೆ ಹುಟ್ಟಿದ ಗುಂಪುಗಳಲ್ಲಿ ಖಾಯಂ ಮುಖಂಡರನ್ನು ಬೇಕೆಂದೇ ದೂರವಿಟ್ಟರು. ಪ್ರತಿನಿಧಿಗಳು ಇರುತ್ತಾರೆ, ವರ್ಷಕ್ಕೊಮ್ಮೆ ಬದಲಾಗಬೇಕು. ಕಾಗದದ ಮೇಲೆ ಸುಲಭ. ಸಂಘದಲ್ಲಿ ಕೇಳಿ ನೋಡಿ: "ಬರೆಯೋಕೆ ಬರೋದು ಗೌರಕ್ಕನಿಗೆ ಒಬ್ಬಳಿಗೇ, ಅವಳನ್ನ ಬಿಟ್ಟರೆ ಲೆಕ್ಕ ಯಾರು ನೋಡ್ತಾರೆ?" ಈ ಮಾತು ಬಹಳ ಸಂಘಗಳಲ್ಲಿ ಕೇಳಿಬರುತ್ತದೆ. ಬ್ಯಾಂಕಿಗೆ ಹೋಗುವವಳೂ ಅವಳೇ, ಸಾಲ ಯಾರಿಗೆ ಎಂದು ಮೊದಲು ಹೇಳುವವಳೂ ಅವಳೇ. ಅವಳು ಮೋಸಗಾತಿ ಆಗಿರಬೇಕಿಲ್ಲ. ತುಂಬ ಒಳ್ಳೆಯವಳಾದರಂತೂ ಯಾರೂ ಪ್ರಶ್ನೆ ಕೇಳುವುದಿಲ್ಲ, ಅದು ಇನ್ನೂ ಕಷ್ಟ.

ನನ್ನ ಪ್ರಕಾರ ದಾರಿ ಇದು: ಬರೆಯುವ ಕೆಲಸವನ್ನೂ ತೀರ್ಮಾನದ ಕೆಲಸವನ್ನೂ ಬೇರೆ ಮಾಡುವುದು. ಪುಸ್ತಕ ಬರೆಯುವವರಿಗೆ ಸಣ್ಣ ಗೌರವಧನ ಕೊಡಿ, ಅವರು ಹೊರಗಿನವರಾದರೂ ಪರವಾಗಿಲ್ಲ. ಬರೆದದ್ದನ್ನು ಸಭೆ ಮುಗಿಯುವ ಮುಂಚೆ ಗಟ್ಟಿಯಾಗಿ ಓದಬೇಕು. ಕೈಯಲ್ಲಿರುವ ನಗದು ಎಷ್ಟು, ಯಾರ ಕಂತು ಬಾಕಿ, ಎಲ್ಲವೂ. ಓದು ಬಾರದ ಸದಸ್ಯೆಗೆ ತನ್ನ ಬಾಕಿ ಬಾಯಿಪಾಠ ಇರುತ್ತದೆ. ತಪ್ಪಿದ್ದರೆ ಅಲ್ಲೇ ಹಿಡಿಯುತ್ತಾಳೆ.

ಸಂಘ ನಡೆಸುವ ಐದು ನಿಯಮ, ಅಂದರೆ ಪಂಚಸೂತ್ರ ಗೊತ್ತಿರಲಿ: ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ (ಸಂಘದ ಹಣದಿಂದ ಸದಸ್ಯರಿಗೇ ಕೊಡುವುದು), ಸಕಾಲ ಮರುಪಾವತಿ, ಸರಿಯಾದ ಲೆಕ್ಕ. ಸದಸ್ಯರ ಸಂಖ್ಯೆ 10ರಿಂದ 20. ಈ 20ರ ಮಿತಿ ಬಂದದ್ದು 1956ರ ಕಂಪನಿ ಕಾಯ್ದೆಯಿಂದ. ಲಾಭಕ್ಕಾಗಿ ವ್ಯವಹಾರ ಮಾಡುವ ಗುಂಪಿನಲ್ಲಿ ಅದಕ್ಕಿಂತ ಜಾಸ್ತಿ ಜನರಿದ್ದರೆ ನೋಂದಣಿ ಕಡ್ಡಾಯವಾಗಿತ್ತು. ಸುಮ್ನೆ ಯಾರೋ ಅಂದಾಜಿಗೆ ಹಾಕಿದ ಅಂಕಿ ಅಂದುಕೊಳ್ಳಬೇಡಿ.

ಸಾಲದ ಸರದಿ ಬಂದಾಗಲೇ ನಾಯಕತ್ವದ ಪರೀಕ್ಷೆ. ಒಬ್ಬಳಿಗೆ ಮಗಳ ಕಾಲೇಜು ಶುಲ್ಕ, ಇನ್ನೊಬ್ಬಳಿಗೆ ಆಸ್ಪತ್ರೆ ಖರ್ಚು, ಹಣ ಇರುವುದು ಒಬ್ಬರಿಗೆ ಸಾಕಾಗುವಷ್ಟು. ಪ್ರತಿನಿಧಿ ಮೊದಲೇ ಬಾಯಿ ಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆ, ಅಷ್ಟೇ. ಅವಳು ಕೊನೆಗೆ ಮಾತಾಡಲಿ. ಅವಳದೇ ಅರ್ಜಿ ಇದ್ದರೆ ಆ ದಿನ ಸಭೆಯನ್ನು ಬೇರೆಯವರು ನಡೆಸಲಿ. ತಡವಾಗಿ ಬಂದರೆ ದಂಡ ಅವಳಿಗೂ ಇರಲಿ.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇರುವ ಯುವಕ ಸಂಘ, ಬಡಾವಣೆ ನಿವಾಸಿಗಳ ಸಂಘಗಳಿಗೂ ಇದು ಹೊಂದುತ್ತದೆ. ಅಲ್ಲಿ ಲೆಕ್ಕ ಕೇಳುವುದು ವಾರ್ಷಿಕ ಸಭೆಯಲ್ಲಿ, ಅಷ್ಟರಲ್ಲಿ ರಸೀದಿಗಳೇ ಕಳೆದಿರುತ್ತವೆ, ಅಲ್ವಾ? ತಿಂಗಳಿಗೊಮ್ಮೆ ಜಮಾ-ಖರ್ಚನ್ನು ಎಲ್ಲರಿಗೂ ತೋರಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕ್ಷೇತ್ರಕಾರ್ಯಕ್ಕೆ ಹೋದಾಗ ನಡಾವಳಿ ಪುಸ್ತಕ ಕೇಳಿ. ಹಿಂದಿನ ಮೂರು ವರ್ಷಗಳ ಪ್ರತಿನಿಧಿಗಳ ಹೆಸರು ಬರೆದುಕೊಳ್ಳಿ. ಆಮೇಲೆ ಮೂಲೆಯಲ್ಲಿ ಕೂತ ಸದಸ್ಯೆಯನ್ನು, ಸಂಘದ ಹತ್ತಿರ ಈಗ ಎಷ್ಟು ಹಣ ಇದೆ ಎಂದು ಕೇಳಿ.